ಚರ್ಚೆ: ಕಾಸರಗೋಡಿನ ಚಿಕಿತ್ಸಕರಿಗೆ ಮೈಂಡ್‌ಫುಲ್‌ನೆಸ್ ತರಬೇತಿ, ಕನ್ನಡದಲ್ಲಿ ಹೇಗಿರಬೇಕು?

ಕುಂಬಳೆಯ ಆಪ್ತಸಮಾಲೋಚಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಮನೋಚಿಕಿತ್ಸೆ, ಆಪ್ತಸಮಾಲೋಚನೆ ಮಾಡುತ್ತಿರುವ ನಾವು ಏಳೆಂಟು ಮಂದಿ, ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಅದು ಇದ್ದ ಹಾಗೆಯೇ ಗಮನಿಸುವ ಅಭ್ಯಾಸವನ್ನು, ಚಿಕಿತ್ಸೆಯೊಳಗೆ ತರುವುದಕ್ಕೆ ಬೇಕಾದ ತರಬೇತಿಯನ್ನು ಕನ್ನಡದಲ್ಲಿಯೇ ನಡೆಸಿಕೊಳ್ಳಬೇಕೆಂದು ಯೋಚಿಸಿದ್ದೇವೆ. ಅದು ಹೇಗಿರಬೇಕೆಂದು ಬಲ್ಲವರನ್ನು ಕೇಳುವುದಕ್ಕಾಗಿ ಈ ಚರ್ಚೆ. ಕೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ದೊಡ್ಡ ನಗರವೊಂದರ ಹೋಟೆಲಿನಲ್ಲಿ ನಡೆದ ಎರಡು ದಿನಗಳ ಕಾರ್ಯಾಗಾರಕ್ಕೆ ಹೋಗಿದ್ದೆ. ಮೊದಲ ದಿನ ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿ, ಮೂಸಿ, ನಿಧಾನವಾಗಿ ಜಗಿದೆವು. ಎರಡನೆಯ ದಿನ ಇಂಗ್ಲಿಷಿನಲ್ಲಿ ಬರೆದ ಸೂಚನೆಗಳ ಒಂದು ಕಟ್ಟನ್ನು ಕೊಟ್ಟರು, ಸಂಜೆಗೆ ಪ್ರಮಾಣಪತ್ರವೂ ಕೈಗೆ ಬಂತು. ಊರಿಗೆ ಮರಳಿ, ಆ ಸೂಚನೆಗಳನ್ನು ಕನ್ನಡಕ್ಕೆ ಮಾಡಿಕೊಂಡು, ಮರುವಾರವೇ ಬೀಡಿ ಕಟ್ಟುವ ಮಹಿಳೆಯೊಬ್ಬರಿಗೆ ಹೇಳಿಕೊಟ್ಟೆ. ಅವರಿಗೆ ಸಾಲದ ಚಿಂತೆಯಿಂದ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದೆ. ಎರಡು ನಿಮಿಷ ಆಗಿರಲಿಲ್ಲ; ಬೀಡಿ ಎಲೆಯನ್ನು ಸುರುಳಿ ಸುತ್ತಿದ ಹಾಗೆಯೇ ಅವರ ಬೆರಳುಗಳು ಸೀರೆಯ ಸೆರಗನ್ನು ಸುತ್ತತೊಡಗಿದವು, ಉಸಿರು ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡಿತು, ಕೆಮ್ಮು ಬಂತು. ಕಣ್ಣು ತೆರೆದು, "ಟೀಚರೇ, ಉಸಿರನ್ನು ನೋಡ್ಲಿಕ್ಕೆ ಹೋದರೆ ನನಗೆ ಹೆದರಿಕೆ ಆಗ್ತದೆ, ಇದು ಬೇಡ" ಎಂದರು. ವರ್ಷಗಟ್ಟಲೆ ಹೊಗೆಸೊಪ್ಪಿನ ಧೂಳಿನಲ್ಲಿ ಕುಳಿತು ದುಡಿದವರಿಗೆ ಉಸಿರೇ ಒಂದು ಆತಂಕದ ವಿಷಯ ಎಂಬುದು ನನಗೆ ಹೊಳೆದಿರಲಿಲ್ಲ. "ಪರವಾಗಿಲ್ಲ, ಇನ್ನೂ ಸ್ವಲ್ಪ ಪ್ರಯತ್ನ ಮಾಡಿ" ಎಂದುಬಿಟ್ಟೆ. ಅವರು ಮತ್ತೆ ಬರಲಿಲ್ಲ.

ಆದ್ದರಿಂದ ಪ್ರಶ್ನೆ ಇಷ್ಟು: ಬೇರೆಯವರಿಗೆ ಇದನ್ನು ಹೇಳಿಕೊಡುವ ಮೊದಲು ಚಿಕಿತ್ಸಕರು ಏನನ್ನು, ಎಷ್ಟು ಕಾಲ ಕಲಿಯಬೇಕು? ಕನ್ನಡ, ತುಳು, ಮಲಯಾಳ ಒಂದೇ ಮನೆಯಲ್ಲಿ ಬೆರೆಯುವ ನಮ್ಮ ಊರಿನಲ್ಲಿ ಅದನ್ನು ಯಾವ ಮಾತಿನಲ್ಲಿ ಕಲಿಯಬೇಕು?

ಉಪ್ಪಳದವ, ಮಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್

ನಿಮ್ಮ ತಪ್ಪನ್ನು ನಾನೂ ಮಾಡಿದ್ದೇನೆ, ಹಾಗಾಗಿ ಉಪದೇಶದ ಅಧಿಕಾರ ನನಗಿಲ್ಲ. ಆದರೆ ಇದರ ಹುಟ್ಟಿನ ಕಥೆಯಲ್ಲಿಯೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ ಎಂದು ನನಗನಿಸುತ್ತದೆ.

ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವು, ಒತ್ತಡಗಳಿಂದ ಬಳಲುತ್ತಿದ್ದವರಿಗಾಗಿ, ಮುಂದೆ 8 ವಾರಗಳದ್ದಾಗಿ ನೆಲೆಗೊಂಡ ಕಾರ್ಯಕ್ರಮವೊಂದನ್ನು ಆರಂಭಿಸಿದರು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ ಎಂಬುದು ಅದರ ಕ್ರಮ. 1990ರ ದಶಕದಲ್ಲಿ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು, ಖಿನ್ನತೆಯಿಂದ ಗುಣವಾದವರಿಗೆ ಅದು ಮರುಕಳಿಸದಂತೆ ಏನು ಮಾಡಬಹುದು ಎಂದು ಹುಡುಕುತ್ತ ಅಲ್ಲಿಗೆ ಹೋದರು. ಗಮನವನ್ನು ಹಿಡಿದಿಡುವ ಒಂದು ತಂತ್ರವನ್ನಷ್ಟೇ ತಮ್ಮ ಅರಿವಿನ ಚಿಕಿತ್ಸೆಗೆ (ಕಾಗ್ನಿಟಿವ್ ಥೆರಪಿ) ಸೇರಿಸಿಕೊಳ್ಳುವುದು ಅವರ ಮೊದಲ ಯೋಚನೆಯಾಗಿತ್ತು. ಅಲ್ಲಿ ಅವರು ಕಂಡದ್ದೇ ಬೇರೆ. ಒಬ್ಬರು ಕುಳಿತಲ್ಲಿಯೇ ಅಳತೊಡಗಿದರೆ ಅಲ್ಲಿನ ಶಿಕ್ಷಕರು ಸಮಸ್ಯೆ ಬಿಡಿಸಲು ಧಾವಿಸುತ್ತಿರಲಿಲ್ಲ, ಆ ಸಂಕಟವನ್ನು ಅದು ಇದ್ದ ಹಾಗೆಯೇ ಗಮನಿಸುವುದಕ್ಕೆ ಜೊತೆಯಾಗುತ್ತಿದ್ದರು. ಅವರಿಗೆ ಅದು ಸಾಧ್ಯವಾದದ್ದು ಸ್ವಂತ ಅಭ್ಯಾಸದ ಬಲದಿಂದ. ಇದು ಮನದಟ್ಟಾದ ಮೇಲೆ ಆ ಮೂವರೂ ತಾವೇ ಅಭ್ಯಾಸಕ್ಕೆ ಕುಳಿತರು, ಅವರ ಚಿಕಿತ್ಸಾ ಪದ್ಧತಿಯ ಕೈಪಿಡಿ ಹೊರಬಂದದ್ದು 2002ರಲ್ಲಿ.

"ಇನ್ನೂ ಸ್ವಲ್ಪ ಪ್ರಯತ್ನ ಮಾಡಿ" ಎಂಬ ನಿಮ್ಮ ಮಾತು ಬಂದದ್ದು ಎಲ್ಲಿಂದ? ಅವರ ಹೆದರಿಕೆ ನಿಮ್ಮನ್ನೂ ಹಿಡಿಯಿತು, ಬೇಗನೆ ಅದರಿಂದ ಹೊರಬರಬೇಕೆನಿಸಿತು. ನಮಗೆ ಕಾಲೇಜಿನಲ್ಲಿ ಕಲಿಸಿದ್ದೆಲ್ಲವೂ ಸರಿಪಡಿಸುವ ವಿದ್ಯೆ. ಸರಿಪಡಿಸಬೇಕೆಂಬ ಆ ತುಡಿತವನ್ನು ತನ್ನ ಮೈಯಲ್ಲಿ ಗುರುತಿಸಿ, ಅರ್ಧ ನಿಮಿಷ ಸುಮ್ಮನಿರುವುದನ್ನು ಸೂಚನೆಗಳ ಕಟ್ಟಿನಿಂದ ಕಲಿಯಲು ಬರುವುದಿಲ್ಲ.

ಎಲ್ಲರಿಗೂ 8 ವಾರಗಳ ಪೂರ್ಣ ಕಾರ್ಯಕ್ರಮ ನಡೆಸುವ ತರಬೇತಿ ಬೇಕೆಂದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ಅವರ ಚಿಕಿತ್ಸಾ ಪದ್ಧತಿಯಲ್ಲಿ (ಕೈಪಿಡಿ 1993ರದ್ದು) ದೀರ್ಘ ಧ್ಯಾನವನ್ನು ಕಡ್ಡಾಯ ಮಾಡದೆ ಗಮನಿಸು, ವಿವರಿಸು, ತೊಡಗು ಎಂಬ ಸಣ್ಣ ಕೌಶಲಗಳಾಗಿ ಇದನ್ನು ಕಲಿಸುತ್ತಾರೆ. ಶಾಲೆಯಲ್ಲಿಯೋ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿಯೋ ಅರ್ಧ ಗಂಟೆ ಮಾತ್ರ ಸಿಗುವ ನಮ್ಮವರಿಗೆ ಅದು ಹೆಚ್ಚು ಒದಗಬಹುದು. ಹೇಗಿದ್ದರೂ ಹೇಳಿಕೊಡುವವರ ಸ್ವಂತ ಅಭ್ಯಾಸಕ್ಕೆ ವಿನಾಯಿತಿ ಇಲ್ಲ.

ಬದಿಯಡ್ಕದ ನಿವೃತ್ತ ಮೇಷ್ಟ್ರು

ನಾನು ಚಿಕಿತ್ಸಕನಲ್ಲ. ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಹತ್ತು ದಿನಗಳ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಎರಡು ಸಲ ಹೋಗಿ ಬಂದವನು. ಈ ಚರ್ಚೆಯನ್ನು ಓದುವಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತಿದೆ. ಪಾಲಿಯ ಸತಿ, ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ಆ ಪದವನ್ನು ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಇಂಗ್ಲಿಷಿಗೆ ಮೈಂಡ್‌ಫುಲ್‌ನೆಸ್ ಎಂದು ಅನುವಾದಿಸಿದರು. ನಮ್ಮಿಂದ ಹೋದದ್ದು ಅಮೆರಿಕ ಸುತ್ತಿ, ಶೀಲವನ್ನು ಅಲ್ಲಿಯೇ ಕಳಚಿಟ್ಟು, ಪ್ರಮಾಣಪತ್ರದೊಂದಿಗೆ ಮರಳಿ ಬಂದಿದೆ. ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ ಎಂಬ ಸಂಕಲ್ಪದಿಂದ ಆರಂಭವಾಗುವ ಸಾಧನೆಯಿಂದ ಉಸಿರಾಟವೊಂದನ್ನೇ ಕಿತ್ತು ತೆಗೆದರೆ ಅದು ಮದ್ದಿನ ಅಂಗಡಿಯ ಸರಕಾಗುವುದಿಲ್ಲವೇ? ನಿಮ್ಮ ಚಿಕಿತ್ಸಕರನ್ನು ಹತ್ತು ದಿನ ಮೌನಕ್ಕೆ ಕಳುಹಿಸಿ, ಉಳಿದದ್ದು ತಾನಾಗಿ ಬರುತ್ತದೆ.

ಮೊಗ್ರಾಲ್ ಪುತ್ತೂರಿನ ಶಾಲಾ ಆಪ್ತಸಮಾಲೋಚಕ

ಮೇಷ್ಟ್ರೇ, ನಿಮ್ಮ ಕಸಿವಿಸಿಯಲ್ಲಿ ಸತ್ಯಾಂಶವಿದೆ, ಆದರೆ ನಾವು ನಿಂತಿರುವ ಜಾಗವನ್ನೂ ನೋಡಬೇಕು. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮಾಪ್ಪಿಳ್ಳೆ ಮತ್ತು ಬ್ಯಾರಿ ಮುಸ್ಲಿಂ ಮನೆಗಳವರು. ಒಮ್ಮೆ ಅಭ್ಯಾಸದ ಆರಂಭಕ್ಕೆಂದು ಸಣ್ಣ ಕಂಚಿನ ಗಂಟೆಯೊಂದನ್ನು ಬಾರಿಸಿದೆ. ಮರುದಿನ ಒಬ್ಬ ಹುಡುಗಿಯ ಉಮ್ಮ (ತಾಯಿ) ಬಂದು, "ಮಾಷೇ, ಇದು ಯಾವ ದೇವರ ಪೂಜೆ?" ಎಂದು ಬಹಳ ಮರ್ಯಾದೆಯಿಂದಲೇ ಕೇಳಿದರು. "ಯಾವ ದೇವರದ್ದೂ ಅಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು, ಆದರೆ ಅದು ಪೂರ್ಣ ಸತ್ಯವಲ್ಲ. ಇದರ ಬೇರು ಬೌದ್ಧ ಸಾಧನೆಯಲ್ಲಿದೆ, ಇಲ್ಲಿ ನಾವು ಇದನ್ನು ಗಮನದ ಅಭ್ಯಾಸವಾಗಿ ಮಾತ್ರ ಬಳಸುತ್ತೇವೆ, ಇದರಲ್ಲಿ ಪ್ರಾರ್ಥನೆ ಇಲ್ಲ, ನಿಮಗೆ ಬೇಡವಾದರೆ ಬೇರೆ ದಾರಿ ಇದೆ ಎಂದು ವಿವರಿಸಿದೆ. ಗಂಟೆಯನ್ನು ಕಪಾಟಿನೊಳಗಿಟ್ಟೆ. ಆ ಉತ್ತರವನ್ನು ತಡವರಿಸದೆ ಹೇಳುವುದಕ್ಕೂ ತರಬೇತಿ ಬೇಕು ಎನ್ನುವುದು ನನ್ನ ಅನುಭವ. ಶಿಬಿರಕ್ಕೆ ಹೋಗುವವರು ತಾವಾಗಿ ಹೋಗುತ್ತಾರೆ. ನಮ್ಮಲ್ಲಿಗೆ ಬರುವವರು ಸಂಕಟಕ್ಕೆ ಮದ್ದು ಕೇಳಿ ಬಂದವರು. ಶೀಲವೆಂದರೆ ನಮ್ಮ ಪಾಲಿಗೆ ಅವರ ಒಪ್ಪಿಗೆ ಮತ್ತು ಗುಟ್ಟನ್ನು ಕಾಪಾಡುವುದು.

ಎಣ್ಮಕಜೆಯ ಪಾಲಿಯೇಟಿವ್ (ನೋವುಶಾಮಕ ಆರೈಕೆಯ) ಸ್ವಯಂಸೇವಕಿ

ಇಂಥ ತರಬೇತಿಗಳಲ್ಲಿ ಬರುವ ಸ್ವೀಕಾರ ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು.

ನಮ್ಮ ಪಂಚಾಯತಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ನಾನು ವಾರಕ್ಕೊಮ್ಮೆ ಹೋಗುವ ಮನೆಯೊಂದರಲ್ಲಿ ಇಪ್ಪತ್ತು ದಾಟಿದ ಮಗ ಹಾಸಿಗೆಯಲ್ಲಿಯೇ ಇದ್ದಾನೆ. ತಾಯಿ ಅವನಿಗೆ ಗಂಜಿ ಕುಡಿಸುವಾಗ ಮೊದಲು ತನ್ನ ಮುಂಗೈಗೆ ಒಂದು ತೊಟ್ಟು ಹಾಕಿ ಬಿಸಿ ನೋಡುತ್ತಾರೆ, ಆಮೇಲೆ ಅವನ ಗಂಟಲು ಅಲುಗುವವರೆಗೆ ಚಮಚವನ್ನು ಹಿಡಿದುಕೊಂಡು ಕಾಯುತ್ತಾರೆ. ಅವನು ನುಂಗಿದ ಮೇಲೆಯೇ ಮುಂದಿನ ಚಮಚ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ. ಅವರಿಗೆ ಒಮ್ಮೆ ಯಾರೋ ತರಬೇತಿ ಪಡೆದವರು ಬಂದು, "ಈ ಕ್ಷಣವನ್ನು ಸ್ವೀಕರಿಸಿ" ಎಂದರಂತೆ. "ಅಕ್ಕ, ಇಷ್ಟು ವರ್ಷ ಎಲ್ಲರೂ ಸಹಿಸಿಕೋ ಅಂದರು, ಈಗ ಇವರು ಸ್ವೀಕರಿಸು ಅಂತಾರೆ. ಪರಿಹಾರದ ಅರ್ಜಿಯನ್ನೂ ಬಿಟ್ಟುಬಿಡಬೇಕಾ?" ಎಂದು ನನ್ನನ್ನು ಕೇಳಿದರು.

ನಿಮ್ಮ ಪುಸ್ತಕದಲ್ಲಿ ಆ ಪದದ ಅರ್ಥ ಬೇರೆಯಿರಬಹುದು. ನಮ್ಮ ಊರಿನಲ್ಲಿ ಅದು ಹಕ್ಕನ್ನು ಬಿಟ್ಟುಕೊಡುವ ಮಾತಿನ ಹಾಗೆ ಕೇಳಿಸುತ್ತದೆ. ಗಮನವೆಂದರೇನು ಎಂದು ಆ ತಾಯಿಗೆ ಕಲಿಸುವ ಮೊದಲು ಅವರು ಗಂಜಿ ಕುಡಿಸುವುದನ್ನು ತರಬೇತಿಗೆ ಬಂದವರು ಒಮ್ಮೆ ನೋಡಲಿ.

ಉಪ್ಪಳದವ, ಮಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್

ಅಕ್ಕ, ಈ ಮಾತಿಗೆ ಋಣಿ. ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಸಂಗಡಿಗರ ಚಿಕಿತ್ಸಾ ಪದ್ಧತಿಯಲ್ಲಿ ಆ ಪದಕ್ಕಿರುವ ಅರ್ಥ, ಒಳಗೆ ಬಂದ ನೋವನ್ನು ಅದುಮಿಡುವ ಹೋರಾಟವನ್ನು ನಿಲ್ಲಿಸಿ ಆ ಶಕ್ತಿಯನ್ನು ತನಗೆ ಬೇಕಾದ ಕೆಲಸಕ್ಕೆ ತೊಡಗಿಸುವುದು ಎಂದು. ಅರ್ಜಿಯ ಬೆನ್ನು ಹತ್ತುವುದು ಆ ಕೆಲಸವೇ ಆಗಿರಬಹುದು. ಆದರೆ ಕೇಳಿದವರಿಗೆ ತಲುಪುವುದು ಪದವೇ ಹೊರತು ನಮ್ಮ ಅಡಿಟಿಪ್ಪಣಿಯಲ್ಲ. ತರಬೇತಿಯಲ್ಲಿ ಈ ಪದವನ್ನು ಬಳಸದೆಯೇ ಅದೇ ವಿಷಯವನ್ನು ಹೇಳುವ ಅಭ್ಯಾಸ ಮಾಡಿಸಬೇಕು.

ಕಾಸರಗೋಡಿನ ಕನ್ನಡ ಅಧ್ಯಾಪಕಿ

ಪದಗಳ ವಿಷಯ ಬಂದದ್ದರಿಂದ ನನಗೂ ಬಾಯಿ ಹಾಕಬೇಕೆನಿಸಿತು. ಸಾವಧಾನತೆ, ಪೂರ್ಣಪ್ರಜ್ಞೆ ಎಂದೆಲ್ಲ ಬರೆಯುವವರಿದ್ದಾರೆ. ಸಾವಧಾನ ಎಂದರೆ ನಮ್ಮಲ್ಲಿ ಅವಸರ ಮಾಡಬೇಡ ಎಂದೇ ಅರ್ಥವಾಗುತ್ತದೆ, ಮದುವೆ ಮಂಟಪದ ನೆನಪೂ ಬರುತ್ತದೆ. ಪೂರ್ಣಪ್ರಜ್ಞೆ ಎಂದರೆ ಆಪರೇಷನ್ ಆದ ಮೇಲೆ ರೋಗಿಗೆ ಬರುವಂಥದ್ದು. ಗಮನ, ಎಚ್ಚರ, ಅರಿವು ಎಂಬ ಮೂರು ಹಳೆಯ ಪದಗಳು ಸಾಕು, ಸಂದರ್ಭ ನೋಡಿ ಬಳಸಿದರಾಯಿತು.

ಅದಕ್ಕಿಂತ ಮುಖ್ಯವಾದದ್ದು ವಾಕ್ಯದ ಕಟ್ಟು. ಇಂಗ್ಲಿಷಿನವರು ತಾನೇ ಕೋಪವಾಗಿರುವೆನೆಂಬಂತೆ ಹೇಳುತ್ತಾರೆ. ನಾವು "ನನಗೆ ಕೋಪ ಬಂತು" ಎನ್ನುತ್ತೇವೆ. ತುಳುವಿನಲ್ಲಿ "ಎಂಕ್ ಬೇಜಾರ್ ಆಂಡ್", ಹವ್ಯಕರಲ್ಲಿ "ಎನಗೆ ಬೇಜಾರಾತು", ಮಲಯಾಳದಲ್ಲಿ "ಎನಿಕ್ಕ್ ಸಂಗಡಂ ವನ್ನು". ಎಲ್ಲದರಲ್ಲಿಯೂ ಚತುರ್ಥಿ ವಿಭಕ್ತಿ. ಭಾವವು ನನ್ನಲ್ಲಿಗೆ ಬಂದ ನೆಂಟ. ಯೋಚನೆ, ಭಾವಗಳನ್ನು ಬಂದು ಹೋಗುವ ಘಟನೆಗಳಾಗಿ ನೋಡುವುದನ್ನು ಕಲಿಸುವುದಕ್ಕೆ ಅಲ್ಲಿ ವಾರಗಟ್ಟಲೆ ಬೇಕಾಗುವುದಾದರೆ, ನಮ್ಮ ವ್ಯಾಕರಣದಲ್ಲಿ ಅದು ಮೊದಲೇ ಇದೆ.

ಉಪ್ಪಳದವ, ಮಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್

ಬಹಳ ಚೆನ್ನಾದ ಮಾತು, ಆದರೆ ಅರ್ಧ ಮಾತ್ರ ಒಪ್ಪುತ್ತೇನೆ. ವ್ಯಾಕರಣವೇ ಕಾಪಾಡುವುದಾಗಿದ್ದರೆ ಕನ್ನಡ ಮಾತನಾಡುವವರಿಗೆ ಖಿನ್ನತೆ ಬರಬಾರದಿತ್ತು. ಬೇಸರ, ಕೋಪಗಳಿಗೆ ನಾವು ಚತುರ್ಥಿ ಹಚ್ಚುತ್ತೇವೆ, ನಿಜ. ಖಿನ್ನತೆ ಮಾತನಾಡುವಾಗ ಮಾತ್ರ "ನಾನು ಯಾವುದಕ್ಕೂ ಪ್ರಯೋಜನ ಇಲ್ಲದವಳು" ಎಂದು ನೇರವಾಗಿ ಪ್ರಥಮೆಯಲ್ಲಿಯೇ ಬರುತ್ತದೆ. ಅಲ್ಲಿ ನಮಗೆ ಒದಗುವುದು ಇನ್ನೊಂದು ಪುಟ್ಟ ಪದ: ಅಂತ. "ಪ್ರಯೋಜನ ಇಲ್ಲದವಳು ಅಂತ ಮನಸ್ಸು ಹೇಳ್ತಾ ಉಂಟು" ಎಂದು ಆಕೆಯೇ ಒಮ್ಮೆ ಹೇಳಿ ನೋಡುವಂತೆ ಕೇಳಿದರೆ, ಆ ಒಂದು ಪದದಷ್ಟು ಅಂತರ ಉಂಟಾಗುತ್ತದೆ.

ನನ್ನ ಮಟ್ಟಿಗೆ ಇಡೀ ತರಬೇತಿಯ ಕಷ್ಟ ಇರುವುದು ಈ ಹಂತದಲ್ಲಿಯೇ. ಅಭ್ಯಾಸ ಮಾಡಿಸುವುದು ಸುಲಭ, ಮಾಡಿಸಿದ ಮೇಲಿನ ಮಾತುಕತೆ ಕಷ್ಟ. ಬ್ಯಾಂಗರ್, ಎಕ್ಸಿಟರ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳವರು ಸೇರಿ ರೂಪಿಸಿದ ಶಿಕ್ಷಕರ ಮೌಲ್ಯಮಾಪನ ಕ್ರಮದಲ್ಲಿ ಆರು ವಿಭಾಗಗಳಿವೆ. ತರಗತಿಯ ಓಟ, ಸಂಬಂಧ, ಗುಂಪನ್ನು ನೋಡಿಕೊಳ್ಳುವುದು ಮುಂತಾದವುಗಳ ಜೊತೆಗೆ, ಮಾತುಕತೆಯ ಮೂಲಕ ವಿಷಯವನ್ನು ತಲುಪಿಸುವುದಕ್ಕೇ ಒಂದು ವಿಭಾಗವನ್ನು ಮೀಸಲಿಟ್ಟಿದ್ದಾರೆ. ಅದನ್ನು ಕಲಿಯುವುದು ಹೇಗೆ? ನಮ್ಮಲ್ಲಿ ಇಬ್ಬರು ಪರಸ್ಪರ ಅಭ್ಯಾಸ ಮಾಡಿಸಿ, ಒಪ್ಪಿಗೆಯಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡದ್ದರ ಒಂದು ತುಣುಕನ್ನು ಅವರ ಅನುಮತಿಯಿಂದ ಇಲ್ಲಿ ಕೊಡುತ್ತೇನೆ. ಪಾದಗಳ ಕಡೆಗೆ ಗಮನ ಕೊಟ್ಟು ಐದು ನಿಮಿಷ ಕುಳಿತ ಮೇಲಿನ ಮಾತು ಇದು.

"ಏನು ಗಮನಕ್ಕೆ ಬಂತು?"
"ಕಾಲು ಬೆಚ್ಚಗೆ ಇತ್ತು. ಆಮೇಲೆ ಗ್ಯಾಸ್ ಬಂದ್ ಮಾಡಿದ್ದೇನಾ ಅಂತ ನೆನಪಾಯಿತು."
"ಅದೆಲ್ಲ ಸಹಜ, ಮನಸ್ಸು ಅಲೆಯುತ್ತಲೇ ಇರುತ್ತದೆ."

ಇಲ್ಲಿಗೆ ಮಾತು ಸತ್ತಿತು. ವಿವರಣೆ ತಪ್ಪಲ್ಲ, ಆದರೆ ಎದುರಿದ್ದವರಿಗೆ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಕೇಳಿಸಿಕೊಂಡ ಮೇಲೆ ಅದೇ ಜಾಗದಿಂದ ಮತ್ತೆ ಆರಂಭಿಸಿದರು.

"ನೆನಪಾದಾಗ ಮೈಯಲ್ಲಿ ಏನಾದರೂ ಆಯಿತಾ?"
"ಹೌದು, ಹೊಟ್ಟೆ ಬಿಗಿ ಆಯಿತು. ಎದ್ದು ಫೋನ್ ಮಾಡಬೇಕು ಅಂತ ಆಯಿತು."
"ಆಮೇಲೆ?"
"ಏಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಬಿಗಿ ಇರಲಿಲ್ಲ. ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ."
"ಮನೆಯಲ್ಲಿ ಇಂಥ ಬಿಗಿ ಬಂದಾಗ ಏನು ಮಾಡ್ತೀರಿ?"
"ಕೂಡಲೇ ಎದ್ದು ಹೋಗಿ ನೋಡ್ತೇನೆ. ಎರಡೆರಡು ಸಲ."

ಮೊದಲು ಏನು ಕಂಡಿತು, ಆಮೇಲೆ ಅದು ಎಂದಿನ ರೂಢಿಗಿಂತ ಹೇಗೆ ಬೇರೆಯಾಯಿತು, ಕೊನೆಗೆ ಬದುಕಿನ ತೊಂದರೆಗೆ ಅದರ ಸಂಬಂಧವೇನು ಎಂಬ ಕ್ರಮ ಇದರಲ್ಲಿದೆ. ಇದನ್ನು ಇಂಗ್ಲಿಷಿನಲ್ಲಿ ಕಲಿತವನು ಕನ್ನಡದಲ್ಲಿ ಕೇಳುವಾಗ ಖಂಡಿತ ತೊದಲುತ್ತಾನೆ, ನಾನು ಇಂದಿಗೂ ತೊದಲುತ್ತೇನೆ. "ಮೈಯಲ್ಲಿ ಏನಾದರೂ ಆಯಿತಾ" ಎಂಬ ಸರಳ ಪ್ರಶ್ನೆ ಸಿಗುವುದಕ್ಕೆ ನಮಗೆ ಮೂರು ವಾರ ಹಿಡಿಯಿತು. ಅದಕ್ಕೆ ಮೊದಲು "ದೈಹಿಕ ಸಂವೇದನೆಗಳೇನಾದರೂ ಅನುಭವಕ್ಕೆ ಬಂದವೇ" ಎಂದು ಪಾಠ ಒಪ್ಪಿಸುತ್ತಿದ್ದೆವು.

ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ, ಊರು ಪೆರ್ಲ

ಉತ್ಸಾಹಕ್ಕೆ ತಣ್ಣೀರು ಎರಚುವುದು ನನ್ನ ಉದ್ದೇಶವಲ್ಲ, ಆದರೆ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳೋಣ. 2000ದಲ್ಲಿ ಪ್ರಕಟವಾದ ಟೀಸ್‌ಡೇಲ್ ಮತ್ತಿತರರ ಅಧ್ಯಯನದಲ್ಲಿ 145 ಮಂದಿ ಇದ್ದರು. ಖಿನ್ನತೆ ಮೂರು ಅಥವಾ ಹೆಚ್ಚು ಸಲ ಬಂದುಹೋಗಿದ್ದವರಲ್ಲಿ ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗೆ ಮರುಕಳಿಕೆ 66 ಶೇಕಡ, ಮೈಂಡ್‌ಫುಲ್‌ನೆಸ್ ಆಧರಿಸಿದ ಚಿಕಿತ್ಸೆಯನ್ನೂ ಪಡೆದವರಿಗೆ 37 ಶೇಕಡ ಇತ್ತು, ಎರಡೇ ಸಲ ಬಂದಿದ್ದವರಿಗೆ ಆ ಲಾಭ ಕಾಣಲಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 424 ಮಂದಿಯ ಇಂಗ್ಲೆಂಡಿನ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ 44, ಮಾತ್ರೆ ಮುಂದುವರಿಸಿದವರಲ್ಲಿ 47 ಶೇಕಡ ಮಂದಿಗೆ ಎರಡು ವರ್ಷಗಳಲ್ಲಿ ಖಿನ್ನತೆ ಮರುಕಳಿಸಿತು, ಅಂದರೆ ಮಾತ್ರೆಗಿಂತ ಮೇಲು ಎಂದು ಸಾಬೀತಾಗಲಿಲ್ಲ. ಅಲ್ಲಿ ಮಾತ್ರೆಯನ್ನು ಕಡಿಮೆ ಮಾಡಿದ್ದು ವೈದ್ಯರ ಕಣ್ಗಾವಲಿನಲ್ಲಿ. "ಧ್ಯಾನ ಕಲಿತೆ, ಮಾತ್ರೆ ಬಿಟ್ಟೆ" ಎಂದು ಹೇಳಿಕೊಂಡು ಮಳೆಗಾಲದ ನಡುವೆ ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ.

ಚಿಕಿತ್ಸಕ ತಾನು ಧ್ಯಾನಕ್ಕೆ ಕುಳಿತರೆ ರೋಗಿಗೆ ಲಾಭವೇ ಎಂಬ ಪ್ರಶ್ನೆಗೆ ಜರ್ಮನಿಯ ಗ್ರೆಪ್‌ಮೇಯರ್ ಮತ್ತು ಸಂಗಡಿಗರ 2007ರ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ತರಬೇತಿಯಲ್ಲಿದ್ದ 18 ಚಿಕಿತ್ಸಕರು, ಒಳರೋಗಿಗಳಾಗಿದ್ದ 124 ಮಂದಿ, 9 ವಾರ. ಝೆನ್ ಧ್ಯಾನ ಮಾಡಿದವರ ರೋಗಿಗಳು ಹೆಚ್ಚು ಸುಧಾರಿಸಿದರು. ಸಂತೋಷದ ಸುದ್ದಿ, ಆದರೆ ಹದಿನೆಂಟೇ ಚಿಕಿತ್ಸಕರು. ಇದೇ ಪ್ರಶ್ನೆಯ ಮೇಲಿನ ಬೇರೆ ಅಧ್ಯಯನಗಳು ಒಂದೇ ಕಡೆಗೆ ಬೆರಳು ತೋರಿಸಿಲ್ಲ.

ಮೇಷ್ಟ್ರಿಗೂ ಒಂದು ವಿನಂತಿ. ಹತ್ತು ದಿನಗಳ ಮೌನ ಎಲ್ಲರಿಗೂ ಹಿತವಲ್ಲ. ಹಿಂಸೆ, ಅಪಘಾತಗಳ ನೆನಪು ಇನ್ನೂ ಹಸಿಯಾಗಿರುವವರಿಗೆ, ಮನೋವಿಕಲತೆ (ಸೈಕೋಸಿಸ್) ಬಂದುಹೋದವರಿಗೆ ದೀರ್ಘ ಧ್ಯಾನದಿಂದ ತೊಂದರೆ ಉಲ್ಬಣಿಸಬಹುದು. ಚಿಕಿತ್ಸಕರಲ್ಲಿಯೂ ಅಂಥವರಿರುತ್ತಾರೆ. ಯಾರಿಗೆ ಬೇಡ, ಯಾವಾಗ ನಿಲ್ಲಿಸಬೇಕು, ಕಣ್ಣು ತೆರೆದೇ ಮಾಡಿಸುವುದು ಹೇಗೆ ಎಂಬುದನ್ನು ಮೊದಲ ವಾರವೇ ಕಲಿಸಿ. ಕುಂಬಳೆಯವರ ಬೀಡಿಯ ಪ್ರಸಂಗ ಅದಕ್ಕೆ ಒಳ್ಳೆಯ ಪಾಠವಾಗುತ್ತದೆ.

ಬದಿಯಡ್ಕದ ನಿವೃತ್ತ ಮೇಷ್ಟ್ರು

ವೈದ್ಯರು ಹೇಳಿದ್ದನ್ನು ಒಪ್ಪಿದೆ. ನನ್ನ ಎರಡನೆಯ ಶಿಬಿರದಲ್ಲಿ ಆರನೆಯ ದಿನ ಒಬ್ಬ ಯುವಕನನ್ನು ಮನೆಯವರು ಬಂದು ಕರೆದುಕೊಂಡು ಹೋದದ್ದು ಈಗ ನೆನಪಾಯಿತು. ಅಂದು ನಾವೆಲ್ಲ ಅವನಿಗೆ ಛಲವಿಲ್ಲ ಎಂದುಕೊಂಡಿದ್ದೆವು.

ಕುಂಬಳೆಯ ಆಪ್ತಸಮಾಲೋಚಕಿ (ಚರ್ಚೆ ಆರಂಭಿಸಿದವರು)

ಎಲ್ಲರ ಮಾತನ್ನೂ ಓದಿ, ನಮ್ಮ ಗುಂಪಿನವರು ನಿನ್ನೆ ಸೇರಿ ಒಂದಿಷ್ಟು ತೀರ್ಮಾನ ಮಾಡಿದ್ದೇವೆ. ಮೊದಲ ಎಂಟು ಭಾನುವಾರ ನಾವು ಯಾರಿಗೂ ಏನನ್ನೂ ಕಲಿಸುವುದಿಲ್ಲ, ಅಭ್ಯಾಸಾರ್ಥಿಗಳಾಗಿ ಕುಳಿತುಕೊಳ್ಳುತ್ತೇವೆ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಮಾಡಲೇಬೇಕು. ಹೊಸ ಅಡಿಕೆ ಸುಲಿಯುವ ಕಾಲಕ್ಕೆ ಕೆಲವರಿಗೆ ಇದು ಕಷ್ಟ ಎಂದು ಈಗಾಗಲೇ ದೂರು ಬಂದಿದೆ, ಸುಲಿಯುವಾಗಲೇ ಮಾಡಬಹುದು ಎಂದು ಉತ್ತರ ಕೊಟ್ಟಿದ್ದೇನೆ. ಆಮೇಲಿನ ಮೂರು ತಿಂಗಳು ಇಬ್ಬಿಬ್ಬರಾಗಿ ಅಭ್ಯಾಸ ಮಾಡಿಸುವುದು, ಧ್ವನಿಮುದ್ರಿಸಿಕೊಂಡ ಮಾತುಕತೆಯನ್ನು ಒಟ್ಟಿಗೆ ಕೇಳುವುದು. ಉಪ್ಪಳದವರು ತಿಂಗಳಿಗೆರಡು ಸಲ ಸೂಪರ್‌ವಿಷನ್‌ಗೆ (ನಮ್ಮ ಕೆಲಸವನ್ನು ನೋಡಿ ತಿದ್ದುವುದಕ್ಕೆ) ಒಪ್ಪಿದ್ದಾರೆ. ಎಣ್ಮಕಜೆಯ ಅಕ್ಕನ ಜೊತೆ, ಆ ತಾಯಿ ಒಪ್ಪಿದರೆ, ಒಬ್ಬೊಬ್ಬರಾಗಿ ಹೋಗಿ ಬರುತ್ತೇವೆ.

ಫೋನಿನ ಅಭ್ಯಾಸಕ್ಕೂ ಒಂದು ದಿನ ಇಟ್ಟಿದ್ದೇವೆ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಕರ್ನಾಟಕಕ್ಕೆ ಹೋಗುವ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ನಮ್ಮಲ್ಲಿ ಅನೇಕರು ಫೋನಿನಲ್ಲಿಯೇ ಚಿಕಿತ್ಸೆ ಮುಂದುವರಿಸಿದ್ದರು. ಎದುರು ಕುಳಿತಾಗ ಅರ್ಧ ನಿಮಿಷದ ಮೌನ ಮೌನವಾಗಿಯೇ ಇರುತ್ತದೆ; ಫೋನಿನಲ್ಲಿ ಹತ್ತು ಸೆಕೆಂಡಿಗೇ "ಹಲೋ, ಹಲೋ, ಟೀಚರೇ, ಕೇಳ್ತಾ ಉಂಟಾ?" ಎಂದು ಆ ಕಡೆಯಿಂದ ಗಾಬರಿಯ ದನಿ ಬರುತ್ತದೆ. "ನಾನು ಇಲ್ಲೇ ಇದ್ದೇನೆ" ಎಂದು ಎಷ್ಟು ಹೊತ್ತಿಗೊಮ್ಮೆ, ಯಾವ ದನಿಯಲ್ಲಿ ಹೇಳಬೇಕೆಂಬುದು ಯಾವ ಕೈಪಿಡಿಯಲ್ಲಿಯೂ ನನಗೆ ಸಿಗಲಿಲ್ಲ.

ಇನ್ನು ನನ್ನ ಹಳೆಯ ಸೂಚನೆ. "ಕಣ್ಣುಗಳನ್ನು ಮುಚ್ಚಿ, ನಿಮ್ಮ ಉಸಿರಿನ ಮೇಲೆ ಗಮನವನ್ನು ಕೇಂದ್ರೀಕರಿಸಿ" ಎಂದು ಇದ್ದದ್ದನ್ನು ಹೀಗೆ ತಿದ್ದಿದ್ದೇನೆ: "ಕಣ್ಣು ಮುಚ್ಚಬೇಕು ಅಂತಿಲ್ಲ, ನೆಲ ನೋಡಿಕೊಂಡೂ ಕೂತುಕೊಳ್ಳಬಹುದು. ಕಾಲಿನ ಅಡಿಗೆ ನೆಲ ಉಂಟಲ್ಲ, ಅದು ತಣ್ಣಗೆ ಉಂಟಾ, ಬೆಚ್ಚಗೆ ಉಂಟಾ, ನೋಡಿ. ಬೇಡ ಅಂತ ಆದರೆ ಯಾವಾಗ ಬೇಕಾದರೂ ನಿಲ್ಲಿಸಿ, ನನಗೆ ಹೇಳಿ." ಉಂಟು ಎಂಬುದರ ಜಾಗಕ್ಕೆ ಇದೆ ಎಂದು ಬರೆಯಬೇಕೆಂದು ಇಬ್ಬರು ಹಟ ಹಿಡಿದಿದ್ದಾರೆ, ಅಧ್ಯಾಪಕಿಯವರು ತೀರ್ಪು ಕೊಡಬೇಕು.

ಮೇಷ್ಟ್ರೇ, ಮೊದಲ ಭಾನುವಾರ ನೀವೂ ಬನ್ನಿ. ಗಂಟೆ ಮಾತ್ರ ಮನೆಯಲ್ಲಿಯೇ ಇರಲಿ.